ಸೋಸುವ ಬಟ್ಟೆಯ ಕಲೆ: ಕಲೆ ಅಂದರೆ ಏನು, ಹೇಳೋರು ಯಾರು?

ಹಾಸನದಲ್ಲಿ ಚಿತ್ರಕಲೆ ಓದುತ್ತಿರುವ ನಮ್ಮಕ್ಕನ ಮಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮನೆಮನೆ ತಿರುಗಿ ಕಾಫಿ ಸೋಸುವ ಬಟ್ಟೆ ಕೇಳಿ ತಂದಳು. ಹೊಸದು ಬೇಡ, ಬಳಸಿ ಬಳಸಿ ಬಣ್ಣ ತಿರುಗಿದ್ದೇ ಬೇಕು ಅಂದಳು. ಅವಳ ಬೀದಿಯ ಮನೆಗಳು, ಬೇಲೂರು ಕಡೆಯ ಅಜ್ಜಿ ಊರು, ಸಕಲೇಶಪುರದ ಗೆಳತಿಯ ತೋಟದಲ್ಲಿ ಕೆಲಸಗಾರರಿರುವ ಲೈನ್ ಮನೆಗಳು, ಎಲ್ಲ ಸೇರಿ ಇಪ್ಪತ್ತೇಳು ಬಟ್ಟೆ ಸಿಕ್ಕವು. ಇಬ್ಬರು ಹುಚ್ಚು ಹುಡುಗಿ ಅಂತ ಬೈದು ಕಳಿಸಿದರು. ಒಬ್ಬರು, ಬದಲಿಗೆ ಸ್ಟೀಲ್ ಜಾಲರಿ ತಂದುಕೊಟ್ಟರೆ ಮಾತ್ರ ಕೊಡ್ತೀನಿ ಅಂತ ಚೌಕಾಸಿ ಮಾಡಿದರು.

ಯಾವುದು ಯಾರ ಮನೆಯದೆಂದು ಗೊತ್ತಿರಲಿ ಅಂತ ಪ್ರತಿ ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದಲ್ಲಿ ಒಂದು ನಂಬರು ಹೊಲಿದಳು. ಕಾಲೇಜಿನ ಹಾಲಿನಲ್ಲಿ, ಹಿತ್ತಲಲ್ಲಿ ಕಟ್ಟುವಂಥದೇ ನೈಲಾನ್ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದಳು. ಕೆಳಗೆ ಪುಟ್ಟ ಚೀಟಿ: ಮನೆಯಲ್ಲಿ ಎಷ್ಟು ಜನ, ಬಟ್ಟೆಗೆ ಎಷ್ಟು ವರ್ಷ, ಬೆಲ್ಲದ ಕಾಫಿಯೋ ಸಕ್ಕರೆಯದೋ. ಮನೆಯವರ ಹೆಸರಿಲ್ಲ. ಬಾಗಿಲ ಮೇಲೆ ಮಾತ್ರ ದೊಡ್ಡದಾಗಿ ಒಂದೇ ಪದ ಬರೆದಿದ್ದಳು: ಕಲೆ.

ನೋಡಲು ಬಂದವರಲ್ಲೊಬ್ಬರು, “ಹಂಗಾದ್ರೆ ನಮ್ಮನೆ ಹಿತ್ತಲಲ್ಲಿ ದಿನಾ ಎಕ್ಸಿಬಿಷನ್ನೇ” ಅಂದು ನಕ್ಕರು. ಅಕ್ಕ ನಗಲಿಲ್ಲ. “ನಾಲ್ಕು ವರ್ಷ ಫೀಸು ಕಟ್ಟಿದ್ದು ಇದಕ್ಕೇನೋ? ಒಂದು ಗಣಪತಿ ಚಿತ್ರನಾದ್ರೂ ಬರೆದಿದ್ರೆ ಗೋಡೆಗೆ ಹಾಕ್ಬೋದಿತ್ತು” ಅಂತ ನನ್ನ ಕಡೆ ತಿರುಗಿದಳು. ಮಗಳೂ ನನ್ನ ಕಡೆಯೇ ನೋಡಿ, “ಮಾವ, ನೀವೂ ಹಂಗೇ ಅಂತೀರಾ?” ಅಂದಳು. ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಬಿದ್ದ ಮೇಲಂತೂ ಎರಡು ದಿನ ಇದೇ ಜಗಳ. ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಇದು ಕಲೆಯಾ? ಆ ಪ್ರಶ್ನೆಯೊಳಗೆ ಎಷ್ಟು ಎಳೆಗಳು ಸಿಕ್ಕುಬಿದ್ದಿವೆ ಅನ್ನುವುದನ್ನು ಒಂದೊಂದಾಗಿ ಬಿಡಿಸಲು ಇಲ್ಲಿ ಪ್ರಯತ್ನಿಸಿದ್ದೇನೆ.

ಒಂದು ಪದ, ಹಲವು ಹೊಟ್ಟೆ

ಮೊದಲು ಪದವನ್ನೇ ನೋಡೋಣ, ಹುಡುಗಿ ಆಟವಾಡಿರುವುದೂ ಅಲ್ಲೇ. ಕನ್ನಡದಲ್ಲಿ ಸಂಗೀತ, ಶಿಲ್ಪ, ಚಿತ್ರ ಎಲ್ಲ ಕಲೆ. ಬಿಳಿ ಅಂಗಿಯ ಮೇಲೆ ಬಿದ್ದು ಹೋಗದೆ ಉಳಿದದ್ದೂ ಕಲೆ. ಮೊಡವೆ ವಾಸಿಯಾದ ಮೇಲೆ ಮುಖದಲ್ಲಿ ನಿಲ್ಲುವುದೂ ಕಲೆ. ಬರೆಯುವುದರಲ್ಲಿ, ಉಚ್ಚರಿಸುವುದರಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಇವು ಒಂದೇ ಪದವಲ್ಲ, ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ರೂಪ ತಳೆದವು. ಮೊದಲನೆಯದು ಸಂಸ್ಕೃತದ ‘ಕಲಾ’. ಅದಕ್ಕೆ ಭಾಗ, ಅಂಶ ಎಂಬ ಅರ್ಥವೂ ಇದೆ. ಚಂದ್ರನಿಗೆ ಹದಿನಾರು ಕಲೆ ಅನ್ನುವುದು ಅದೇ. ಆ ಲೆಕ್ಕದಲ್ಲಿ ಹದಿನಾರು ಕಲೆಯ ಚಂದ್ರನ ಮೈಮೇಲೇ ಇನ್ನೊಂದು ಬಗೆಯ ಕಲೆಯೂ ಇದೆ. ಇದರ ಜೊತೆಗೆ ಒಂದಷ್ಟನ್ನು ಗುಡ್ಡೆ ಮಾಡುವುದಕ್ಕೆ ‘ಕಲೆಹಾಕು’ ಅನ್ನುತ್ತೇವೆ. ಬಟ್ಟೆಗಳನ್ನು ಕಲೆಹಾಕಿ, ಅವುಗಳ ಕಲೆಯನ್ನು ತೋರಿಸಿ, ಇದು ಕಲೆ ಅಂದಳು ಹುಡುಗಿ. ಕನ್ನಡ ಬಲ್ಲವರಿಗೆ ಮಾತ್ರ ಸಿಗುವ ಕೀಟಲೆ ಇದು.

ಹಳಬರ ‘ಕಲೆ’ಯ ಪಟ್ಟಿ ಇನ್ನೂ ದೊಡ್ಡದು. ಅರವತ್ನಾಲ್ಕು ಕಲೆ ಅನ್ನುವ ಮಾತು ಎಲ್ಲರಿಗೂ ಗೊತ್ತು, ಅದರೊಳಗೆ ಏನಿದೆ ಅಂತ ನೋಡಿದವರು ಕಡಿಮೆ. ವಾತ್ಸ್ಯಾಯನ ಕೊಡುವ ಪಟ್ಟಿಯಲ್ಲಿ ಹಾಡು, ವಾದ್ಯ, ಕುಣಿತ, ಚಿತ್ರದ ಜೊತೆಗೆ ಅಕ್ಕಿ ಮತ್ತು ಹೂವಿನಿಂದ ನೆಲದ ಮೇಲೆ ವಿನ್ಯಾಸ ಬಿಡಿಸುವುದು, ಹೂವು ಕಟ್ಟುವುದು, ಹೊಲಿಗೆ, ಬಗೆಬಗೆಯ ಅಡುಗೆ, ಪಾನಕ ಕೂಡಿಸುವುದು, ಗಿಳಿ-ಗೊರವಂಕಗಳಿಗೆ ಮಾತು ಕಲಿಸುವುದು ಎಲ್ಲ ಇವೆ. ಚೆನ್ನಾಗಿ ಮಾಡಲು ಅಭ್ಯಾಸ ಬೇಕಾದ ಕೆಲಸವೆಲ್ಲ ಕಲೆ ಎಂಬ ಲೆಕ್ಕ. ಪಾನಕ ಇದೆ ಎಂದ ಮೇಲೆ ಕಾಫಿ ಕಾಯಿಸುವ ನಮ್ಮಕ್ಕ ಆ ಪಟ್ಟಿಯ ಪ್ರಕಾರ ಕಲಾವಿದೆಯೇ, ಅದನ್ನು ಅವಳು ಒಪ್ಪುವುದಿಲ್ಲ ಅಷ್ಟೇ.

ಹಾಗಾದರೆ ಚಿತ್ರ, ಶಿಲ್ಪ, ಸಂಗೀತಗಳನ್ನು ಮಾತ್ರ ಎತ್ತಿ ಬೇರೆ ಇಟ್ಟದ್ದು ಯಾವಾಗ? ಯುರೋಪಿನಲ್ಲಿ ಇದು ಗಟ್ಟಿಯಾದದ್ದು ಹದಿನೆಂಟನೆಯ ಶತಮಾನದಲ್ಲಿ. 1746ರಲ್ಲಿ ಫ್ರಾನ್ಸಿನ ಶಾರ್ಲ್ ಬಾತೋ ಎಂಬ ವಿದ್ವಾಂಸ ಸಂಗೀತ, ಕಾವ್ಯ, ಚಿತ್ರ, ಶಿಲ್ಪ, ನೃತ್ಯಗಳನ್ನು ಒಂದು ಗುಂಪು ಮಾಡಿ, ಇವು ಸಂತೋಷಕ್ಕಾಗಿ ಇರುವಂಥವು, ಉಪಯೋಗಕ್ಕಾಗಿ ಅಲ್ಲ ಎಂದ. ನಾವಿಂದು ಲಲಿತಕಲೆ ಎನ್ನುವಾಗ ಬಹುತೇಕ ಈ ವಿಂಗಡಣೆಯನ್ನೇ ಹೇಳುತ್ತಿರುತ್ತೇವೆ. ದೆಹಲಿಯಲ್ಲಿ 1954ರಲ್ಲಿ ಆರಂಭವಾದ ರಾಷ್ಟ್ರೀಯ ಅಕಾಡೆಮಿಯ ಹೆಸರಲ್ಲೂ ಅದೇ ಪದವಿದೆ. ಬಡಗಿ, ಕಮ್ಮಾರ, ಕುಂಬಾರರ ಕೆಲಸಕ್ಕೆ ಆಮೇಲೆ ಕುಶಲಕಲೆ, ಕರಕುಶಲ ಎಂದು ಬೇರೆ ಹೆಸರು, ಬೇರೆ ಸಾಲು, ಸಾಮಾನ್ಯವಾಗಿ ಬೇರೆ ರೇಟು ಕೂಡ.

ಬೇಲೂರಿನ ಕಲ್ಲನ್ನು ಕೇಳಿದರೆ

ಅಕ್ಕನ ವಾದ ಇಷ್ಟು: “ಹಳೇಬೀಡು ನೋಡು, ಅದು ಕಲೆ.” ಅದನ್ನು ಯಾರೂ ಅಲ್ಲಗಳೆಯರು. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೂ ಸೇರಿದವು. ಆದರೆ 1117ರಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿದ್ದು ಕಲಾಪ್ರದರ್ಶನಕ್ಕಲ್ಲ, ಪೂಜೆಗೆ. ಬಾತೋನ ಗೆರೆಯ ಪ್ರಕಾರ ನೋಡಿದರೆ ಅದು ಉಪಯೋಗದ ಕಟ್ಟಡ. ಇವತ್ತಿಗೂ ಅಲ್ಲಿ ಮಂಗಳಾರತಿ ಆಗುತ್ತದೆ. ಉಪಯೋಗಕ್ಕಿದ್ದರೆ ಕಲೆಯಲ್ಲ ಅನ್ನುವ ಅಳತೆಗೋಲು ನಮ್ಮೂರಿನ ಬಾಗಿಲಲ್ಲೇ ಮುರಿದುಬೀಳುತ್ತದೆ.

ಇನ್ನೊಂದು ಸಂಗತಿ, ಸಹಿ. ಹಳೆಯ ಕಾಲದ ಭಾರತೀಯ ಶಿಲ್ಪಿಗಳು ಹೆಸರು ಬಿಟ್ಟುಹೋಗಲಿಲ್ಲ ಅನ್ನುವುದು ರೂಢಿಯ ಮಾತು. ಹೊಯ್ಸಳರ ರೂವಾರಿಗಳು, ಅಂದರೆ ಶಿಲ್ಪಿಗಳು, ಈ ಮಾತನ್ನು ಸುಳ್ಳು ಮಾಡುತ್ತಾರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ, ಜೊತೆಗೆ ಎದುರಾಳಿಗಳನ್ನು ಕೆಣಕುವ ಬಿರುದುಗಳನ್ನೂ. ಮಲ್ಲಿತಮ್ಮನ ಹೆಸರು ತರೀಕೆರೆ ಬಳಿಯ 1196ರ ಅಮೃತಪುರದ ಗುಡಿಯಲ್ಲೂ ಇದೆ, ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲೂ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ ಗುಡಿಯ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ನಂದಿಯ ಬೈಚೋಜನದು. ಒಂದೇ ಗುಡಿಯ ಎರಡು ಮಗ್ಗುಲನ್ನು ಎರಡು ಕೈಗಳು ಬೇರೆ ಬೇರೆ ರೀತಿ ಕೆತ್ತಿರುವುದನ್ನು ಒಂದು ಪ್ರದಕ್ಷಿಣೆಯಲ್ಲೇ ಕಾಣಬಹುದು. ‘ಇದು ನನ್ನ ಕೈಯದು’ ಅನ್ನುವ ಹೆಮ್ಮೆ ಅಲ್ಲಿ ಬಲವಾಗಿಯೇ ಇತ್ತು. (ಜಕಣಾಚಾರಿಯ ಕಥೆ ಎಲ್ಲರಿಗೂ ಪ್ರಿಯ, ಆದರೆ ಆ ಹೆಸರಿನ ಸಹಿ ಮಾತ್ರ ಗುಡಿಯ ಮೇಲೆ ಕಾಣುವುದಿಲ್ಲ.)

ಅದೇ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಬನ್ನಿ. ಹತ್ತನೆಯ ಶತಮಾನದ ಕೊನೆಯ, ಸುಮಾರು 58 ಅಡಿ ಎತ್ತರದ ಗೊಮ್ಮಟನ ಪಾದದ ಪಕ್ಕದಲ್ಲಿ ಕನ್ನಡ ಅಕ್ಷರಗಳು ಹೇಳುವುದು ಚಾವುಂಡರಾಯ ‘ಮಾಡಿಸಿದಂ’ ಎಂದು. ಮಾಡಿದಂ ಅಲ್ಲ, ಮಾಡಿಸಿದಂ. ಒಂದು ‘ಇಸು’ ಪ್ರತ್ಯಯದಲ್ಲಿ ಉಳಿ ಹಿಡಿದ ಕೈಗಳೆಲ್ಲ ಮರೆಯಾಗಿವೆ. ಮನಸ್ಸಿನಲ್ಲಿ ಕಂಡವನೊಬ್ಬ, ಖರ್ಚು ಹಾಕಿದವನೊಬ್ಬ, ಕೆತ್ತಿದವರು ಹಲವರು. ಹಾಗಾದರೆ ಕೃತಿ ಯಾರದು? ಬಟ್ಟೆಗೆ ಕಾಫಿ ಸುರಿದವರು ಇಪ್ಪತ್ತೇಳು ಮನೆಯವರು, ಹುಡುಗಿ ಮಾಡಿದ್ದಾದರೂ ಏನು ಎಂದು ಕೇಳುವವರು ಈ ‘ಮಾಡಿಸಿದಂ’ ಅನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಳ್ಳಬೇಕು.

ಸಾರಿನ ರುಚಿ ಯಾವ ಡಬ್ಬಿಯಲ್ಲಿದೆ?

ಕಲೆಯನ್ನು ವಸ್ತುವಿನಲ್ಲಿ ಹುಡುಕುವ ಬದಲು ನೋಡುವವರಲ್ಲಿ ಹುಡುಕುವ ದಾರಿಯೊಂದಿದೆ. ನಮ್ಮಲ್ಲಿ ಅದಕ್ಕೆ ಬಹಳ ಹಳೆಯ ಹೆಸರು: ರಸ. ಭರತನ ನಾಟ್ಯಶಾಸ್ತ್ರ ಇದನ್ನು ವಿವರಿಸಲು ಹಿಡಿಯುವುದು ಅಡುಗೆಮನೆಯ ಹೋಲಿಕೆಯನ್ನೇ. ಸಾರಿನ ರುಚಿ ಹುಣಸೆಯಲ್ಲಿಲ್ಲ, ಮೆಣಸಿನಲ್ಲಿಲ್ಲ, ಬೇಳೆಯಲ್ಲೂ ಇಲ್ಲ. ಎಲ್ಲ ಹದವಾಗಿ ಕೂಡಿದಾಗ, ಉಣ್ಣುವವನ ನಾಲಿಗೆಯ ಮೇಲೆ ಹುಟ್ಟುತ್ತದೆ. ಹಾಗೆಯೇ ರಂಗದ ಮೇಲೆ ಸನ್ನಿವೇಶ, ಪಾತ್ರದ ಕಣ್ಣು-ಕೈಗಳ ಚಲನೆ, ನಡುನಡುವೆ ಸುಳಿದು ಹೋಗುವ ಸಣ್ಣ ಭಾವಗಳು ಕೂಡಿದಾಗ ಪ್ರೇಕ್ಷಕನಲ್ಲಿ ರಸ ಹುಟ್ಟುತ್ತದೆ. ಭರತ ಎಂಟು ರಸ ಎಣಿಸಿದ. ಶಾಂತ ಸೇರಿ ಒಂಬತ್ತಾದದ್ದು ಆಮೇಲೆ. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಅದನ್ನು ಗಟ್ಟಿಯಾಗಿ ಸಮರ್ಥಿಸಿದ.

ಈ ವಿಚಾರದಲ್ಲಿ ನನಗೆ ಹೆಚ್ಚು ಇಷ್ಟವಾದ ಅಂಶ ಸಾಧಾರಣೀಕರಣ ಎಂಬುದು. ಪದ ಭಾರ, ವಿಷಯ ಹಗುರ. ಬಯಲಾಟದಲ್ಲಿ ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕುತ್ತಾನೆ. ನಿಮ್ಮ ಕಣ್ಣು ಒದ್ದೆಯಾಗುತ್ತದೆ, ಆದರೆ ಎದ್ದುಹೋಗಿ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಆ ದುಃಖ ದ್ರೌಪದಿಯೊಬ್ಬಳದ್ದೂ ಅಲ್ಲ, ನಿಮ್ಮ ಸ್ವಂತದ್ದೂ ಅಲ್ಲ, ಯಾರದೂ ಅಲ್ಲದೆ ಎಲ್ಲರದೂ ಆಗಿರುವ ದುಃಖ. ಒಬ್ಬರ ಅನುಭವ ಹೀಗೆ ಎಲ್ಲರಿಗೂ ದಕ್ಕುವಂತಾಗುವುದನ್ನೇ ಆ ಪದ ಹೇಳುತ್ತದೆ. ಅದನ್ನು ಬರಮಾಡಿಕೊಳ್ಳಬಲ್ಲ ಮನಸ್ಸು ಇರುವವನನ್ನು ಸಹೃದಯ ಎಂದರು.

1898ರ ಹೊತ್ತಿಗೆ ರಷ್ಯಾದ ಟಾಲ್‌ಸ್ಟಾಯ್ ಇದರ ಹತ್ತಿರಕ್ಕೇ ಬೇರೆ ದಾರಿಯಿಂದ ಬಂದ. ಮಾಡಿದವನ ಭಾವ ನೋಡುವವನಿಗೆ ಅಂಟಬೇಕು, ಅಂಟದಿದ್ದರೆ ಅದು ಕಲೆಯಲ್ಲ ಎಂದ. ಎದುರು ಕೂತವರು ಆಕಳಿಸಿದರೆ ನಮಗೂ ಆಕಳಿಕೆ ಬರುವುದಿಲ್ಲವೇ, ಹಾಗೆ. 1914ರಲ್ಲಿ ಇಂಗ್ಲೆಂಡಿನ ಕಲಾ ವಿಮರ್ಶಕ ಕ್ಲೈವ್ ಬೆಲ್ ಮಾತ್ರ ಭಾವ, ಕಥೆ ಎಲ್ಲ ಬದಿಗಿರಲಿ, ಗೆರೆ ಮತ್ತು ಬಣ್ಣಗಳು ಕೂಡಿರುವ ಬಗೆಯೇ ಮುಖ್ಯ ಎಂದು ವಾದಿಸಿದ. ಬಟ್ಟೆಗಳ ಮುಂದೆ ನಿಂತಾಗ ನನಗೆ ಎರಡೂ ಆಯಿತು. ದೂರದಿಂದ ನೋಡಿದರೆ ಇಪ್ಪತ್ತೇಳು ಬಗೆಯ ಕಂದು: ಅಡಿಕೆಯ ಕಂದು, ಗದ್ದೆ ಮಣ್ಣಿನ ಕಂದು, ನಡುವೆ ಗಾಢವಾಗಿ ಅಂಚಿನಲ್ಲಿ ತಿಳಿಯಾದ ವರ್ತುಲಗಳು. ಬೆಲ್ ಮೆಚ್ಚುತ್ತಿದ್ದನೇನೋ. ಹತ್ತಿರ ಹೋದರೆ ಒಂದು ಚೀಟಿ: “ಅಜ್ಜಿ ಹೋಗಿ ಎರಡು ವರ್ಷ. ಬಟ್ಟೆ ಅವರದೇ, ಇನ್ನೂ ಬಳಸುತ್ತಿದ್ದೇವೆ.” ಅದರ ಮುಂದೆ ಒಬ್ಬ ಹೆಂಗಸು ಸುಮಾರು ಹೊತ್ತು ನಿಂತಿದ್ದರು. ಅವರಿಗೂ ಆ ಅಜ್ಜಿಗೂ ಪರಿಚಯವಿರಲಿಲ್ಲ.

ಸಹಿ ಹಾಕಿದ ಬೇಸಿನ್ನು

‘ಇದನ್ನ ಯಾರು ಬೇಕಾದರೂ ಮಾಡ್ತಾರೆ’ ಅನ್ನುವ ತಕರಾರಿಗೆ ನೂರು ವರ್ಷ ದಾಟಿದೆ. 1917ರಲ್ಲಿ ನ್ಯೂಯಾರ್ಕಿನ ಕಲಾವಿದರ ಸಂಘವೊಂದು ದೊಡ್ಡ ಪ್ರದರ್ಶನ ಏರ್ಪಡಿಸಿ, 6 ಡಾಲರ್ ಶುಲ್ಕ ಕಟ್ಟಿದ ಯಾರ ಕೃತಿಯನ್ನಾದರೂ ಇಡುತ್ತೇವೆ, ಆಯ್ಕೆ ಸಮಿತಿಯೇ ಇಲ್ಲ ಎಂದು ಸಾರಿತ್ತು. ಅಲ್ಲಿಗೆ ಆರ್. ಮಟ್ ಎಂಬ ಹೆಸರಿನಲ್ಲಿ ಬಂದದ್ದು ಗಂಡಸರ ಶೌಚಾಲಯದಲ್ಲಿ ಗೋಡೆಗೆ ಜೋಡಿಸುವ ಪಿಂಗಾಣಿ ಬೇಸಿನ್ನು. ಅಂಗಡಿಯ ಮಾಲು. ಬೆನ್ನ ಮೇಲೆ ಮಲಗಿಸಿ, ಹೆಸರು ಮತ್ತು ಇಸವಿ ಬರೆದು, ‘ಕಾರಂಜಿ’ ಎಂದು ಕರೆಯಲಾಗಿತ್ತು. ಕಳಿಸಿದಾತ ಫ್ರಾನ್ಸಿನಿಂದ ಬಂದಿದ್ದ ಮಾರ್ಸೆಲ್ ಡ್ಯುಶಾಂ, ಆ ಸಂಘದ ಆಡಳಿತ ಮಂಡಳಿಯಲ್ಲೇ ಇದ್ದವನು. ಎಲ್ಲವನ್ನೂ ಇಡುತ್ತೇವೆ ಎಂದವರು ಇದನ್ನು ಇಡಲಿಲ್ಲ. ಆತ ರಾಜೀನಾಮೆ ಕೊಟ್ಟ.

ಆಗ ಪುಟ್ಟ ಪತ್ರಿಕೆಯೊಂದರಲ್ಲಿ ಬಂದ ಸಮರ್ಥನೆಯ ಸಾರಾಂಶ ಇಷ್ಟು: ಮಟ್ ಅದನ್ನು ಕೈಯಾರೆ ಮಾಡಿದನೋ ಇಲ್ಲವೋ ಮುಖ್ಯವಲ್ಲ, ಅವನು ಅದನ್ನು ಆರಿಸಿದ. ದಿನಬಳಕೆಯ ವಸ್ತುವನ್ನು ಅದರ ಕೆಲಸದಿಂದ ಬಿಡಿಸಿ, ಹೊಸ ಹೆಸರಿಟ್ಟು, ಹೊಸ ಕಣ್ಣಿನಿಂದ ನೋಡುವಂತೆ ಮಾಡಿದ. ಅಂದರೆ ಕೈಯ ಕೆಲಸದ ಜಾಗಕ್ಕೆ ಆಯ್ಕೆ ಎಂಬ ಕೆಲಸ ಬಂತು. ಮೂಲ ಬೇಸಿನ್ನು ಎಲ್ಲೋ ಕಳೆದೇಹೋಯಿತು. ಉಳಿದದ್ದು ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ತೆಗೆದ ಫೋಟೋ. ಇಂದು ದೊಡ್ಡ ಮ್ಯೂಸಿಯಂಗಳಲ್ಲಿರುವುದು ಮುಖ್ಯವಾಗಿ 1964ರಲ್ಲಿ ಡ್ಯುಶಾಂ ಒಪ್ಪಿಗೆಯಿಂದ ಮಾಡಿಸಿದ ನಕಲುಗಳು. ಅಂಗಡಿಯಲ್ಲಿ ಕೊಂಡ ವಸ್ತುವಿಗೆ, ನಲವತ್ತೇಳು ವರ್ಷದ ಮೇಲೆ, ಫೋಟೋ ನೋಡಿಕೊಂಡು ಕೈಯಲ್ಲಿ ನಕಲು ಮಾಡಿಸಬೇಕಾಯಿತು! ಇದರಲ್ಲಿರುವ ತಮಾಷೆ ಡ್ಯುಶಾಂಗೂ ತಪ್ಪಿರಲಿಕ್ಕಿಲ್ಲ.

ಸಗಣಿ ಉಂಡೆ ಬೆನಕ ಆಗುವ ಬಗೆ

ಅದೇ 1964ರಲ್ಲಿ ಆಂಡಿ ವಾರ್ಹಾಲ್ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಬ್ರಿಲ್ಲೊ ಎಂಬ ಪಾತ್ರೆ ತಿಕ್ಕುವ ಸೋಪಿನ ಪೆಟ್ಟಿಗೆಗಳನ್ನು ಜೋಡಿಸಿಟ್ಟ. ಪ್ಲೈವುಡ್ಡಿನಲ್ಲಿ ಮಾಡಿ ಮೇಲೆ ಅಚ್ಚು ಹಾಕಿದವು, ನೋಡಲು ಗೋದಾಮಿನ ರಟ್ಟಿನ ಪೆಟ್ಟಿಗೆಯ ಹಾಗೇ. ವಿಚಿತ್ರವೆಂದರೆ ನಿಜವಾದ ಸೋಪಿನ ಪೆಟ್ಟಿಗೆಯನ್ನು ವಿನ್ಯಾಸ ಮಾಡಿದ ಜೇಮ್ಸ್ ಹಾರ್ವೆ ಕೂಡ ಚಿತ್ರ ಕಲಾವಿದನೇ. ಅವನ ಪೆಟ್ಟಿಗೆ ಅಂಗಡಿಗೆ, ವಾರ್ಹಾಲನದ್ದು ಗ್ಯಾಲರಿಗೆ.

ಅದನ್ನು ನೋಡಿದ ತತ್ತ್ವಶಾಸ್ತ್ರಜ್ಞ ಆರ್ಥರ್ ಡಾಂಟೊಗೆ ಒಂದು ಪ್ರಶ್ನೆ ಕಾಡಿತು. ಕಣ್ಣಿಗೆ ಒಂದೇ ಥರ ಕಾಣುವ ಎರಡು ವಸ್ತುಗಳಲ್ಲಿ ಒಂದು ಕಲೆ, ಇನ್ನೊಂದು ಸಾಮಾನು ಆಗುವುದು ಹೇಗೆ? ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ ಎಂದ ಮೇಲೆ ಅದು ಕಣ್ಣಿಗೆ ಕಾಣದ ಕಡೆ ಇರಬೇಕು. ಕಲೆಯ ಚರಿತ್ರೆ, ಅದರ ಸುತ್ತಲಿನ ವಿಚಾರ, ಮಾತುಕತೆ ಇವೇ ಆ ವಸ್ತುವನ್ನು ಕಲೆಯಾಗಿ ಎತ್ತಿ ನಿಲ್ಲಿಸುತ್ತವೆ ಅನ್ನುವುದು ಅವನ ಉತ್ತರ. ಜಾರ್ಜ್ ಡಿಕಿ ಎಂಬಾತ ಇದನ್ನು ಮುಂದುವರಿಸಿ, ಕಲಾವಿದರು, ಗ್ಯಾಲರಿ, ವಿಮರ್ಶಕರು, ನೋಡುಗರು ಸೇರಿದ ಲೋಕವೊಂದು ಆ ಸ್ಥಾನವನ್ನು ಕೊಡುತ್ತದೆ ಎಂದ.

ಕೇಳಲು ಇದು ಕಣ್ಕಟ್ಟಿನ ಹಾಗಿದೆ. ಆದರೆ ನಮಗೆ ಇದು ಹೊಸದಲ್ಲ. ಹಿತ್ತಲಲ್ಲಿ ಬಿದ್ದ ಸಗಣಿಯನ್ನು ಉಂಡೆ ಮಾಡಿ, ನೆತ್ತಿಗೆ ಗರಿಕೆ ಸಿಕ್ಕಿಸಿ, ಮಣೆಯ ಮೇಲೆ ಕೂರಿಸಿದರೆ ಬೆನಕ. ಕೈ ಮುಗಿಯುತ್ತೇವೆ. ಪೂಜೆ ಮುಗಿದ ಮೇಲೆ ನೀರಿಗೆ ಬಿಡುತ್ತೇವೆ. ಪ್ರಯೋಗಶಾಲೆಗೆ ಕಳಿಸಿದರೆ ಎರಡೂ ಸಗಣಿಯೇ. ವ್ಯತ್ಯಾಸ ಮಾಡಿದ್ದು ಕೂರಿಸಿದ ಜಾಗ, ಸಂದರ್ಭ, ಸುತ್ತ ನಿಂತವರ ಒಪ್ಪಿಗೆ. ಅರಿಶಿನದ ಕೊಂಬು ಡಬ್ಬಿಯಲ್ಲಿದ್ದರೆ ಸಾರಿಗೆ, ದಾರಕ್ಕೆ ಕಟ್ಟಿದರೆ ತಾಳಿ. ಹಾಸನ-ತುಮಕೂರು ಕಡೆಯ ಸೋಮನ ಕುಣಿತದ ದೊಡ್ಡ ಕೆಂಪು ಮುಖವನ್ನೇ ನೋಡಿ: ಊರಲ್ಲಿ ಅದು ದೇವರು, ಮ್ಯೂಸಿಯಂನ ಗಾಜಿನೊಳಗೆ ಜನಪದ ಕಲಾಕೃತಿ. ಮರ ಅದೇ, ಬಣ್ಣ ಅದೇ.

ಈ ವಿವರಣೆಗೆ ಒಂದು ದೊಡ್ಡ ತೊಡಕೂ ಇದೆ. ಆ ‘ಲೋಕ’ದೊಳಗೆ ಯಾರಿದ್ದಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನ್ಯೂಯಾರ್ಕಿನ ನಾಲ್ಕು ಗ್ಯಾಲರಿ ಒಪ್ಪಿದರೆ ಕಲೆ, ಬಾಗಿಲ ಮುಂದೆ ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ಎಳೆ ಎಳೆಯುವ ಹೆಂಗಸಿನ ರಂಗೋಲಿ ಬರೀ ಅಭ್ಯಾಸ ಎಂದಾಗುವ ಅಪಾಯವಿದೆ. ಆ ಲೋಕದ ಬಾಗಿಲು ಕಾಯುವವರನ್ನು ಯಾರು ನೇಮಿಸಿದರು ಅನ್ನುವ ಪ್ರಶ್ನೆಗೆ ನನಗೆ ತೃಪ್ತಿಯಾಗುವ ಉತ್ತರ ಎಲ್ಲೂ ಸಿಕ್ಕಿಲ್ಲ.

ಕೋರ್ಟಿಗೆ ಹೋದ ಹಕ್ಕಿ

ತತ್ತ್ವಜ್ಞಾನಿಗಳು ನೂರು ವರ್ಷ ಚರ್ಚಿಸಬಹುದು, ಕಸ್ಟಮ್ಸ್ ಗುಮಾಸ್ತನಿಗೆ ಸಂಜೆಯೊಳಗೆ ಉತ್ತರ ಬೇಕು. 1926ರಲ್ಲಿ ರುಮೇನಿಯಾ ಮೂಲದ ಶಿಲ್ಪಿ ಬ್ರಾಂಕೂಸಿಯ ಒಂದು ಕಂಚಿನ ಶಿಲ್ಪ ಹಡಗಿನಲ್ಲಿ ಅಮೆರಿಕಕ್ಕೆ ಬಂತು. ಹೆಸರು ‘ಆಕಾಶದಲ್ಲಿ ಹಕ್ಕಿ’. ರೆಕ್ಕೆಯಿಲ್ಲ, ಕೊಕ್ಕಿಲ್ಲ. ಮೇಲಕ್ಕೆ ಚಿಮ್ಮಿದ, ಹೊಳೆಯುವ, ಉದ್ದನೆಯ ಒಂದು ಆಕಾರ. ಕಲಾಕೃತಿಗೆ ಸುಂಕವಿಲ್ಲ. ಆದರೆ ಅಧಿಕಾರಿಗಳಿಗೆ ಇದು ಹಕ್ಕಿಯಂತೆ ಕಾಣಲಿಲ್ಲ. ಅಡುಗೆ ಸಾಮಾನು ಮತ್ತು ಆಸ್ಪತ್ರೆ ಸಲಕರಣೆಗಳ ಗುಂಪಿಗೆ ಸೇರಿಸಿ ಶೇಕಡಾ 40 ಸುಂಕ ಹಾಕಿದರು.

ವಿಷಯ ಕೋರ್ಟಿಗೆ ಹೋಯಿತು. ಅಲ್ಲಿಯವರೆಗಿನ ತೀರ್ಪುಗಳ ಪ್ರಕಾರ ಶಿಲ್ಪವೆಂದರೆ ಪ್ರಕೃತಿಯಲ್ಲಿರುವುದನ್ನು ಹೋಲುವಂತೆ ಕಡೆದದ್ದು. ಕಾಡಿನಲ್ಲಿ ಇದು ಕಂಡಿದ್ದರೆ ಹಕ್ಕಿಯೆಂದು ಗುಂಡು ಹಾರಿಸುತ್ತಿದ್ದಿರಾ ಎಂಬರ್ಥದ ಪ್ರಶ್ನೆಗಳೂ ಸಾಕ್ಷಿಗಳಿಗೆ ಎದುರಾದವು. 1928ರ ತೀರ್ಪಿನಲ್ಲಿ ಬ್ರಾಂಕೂಸಿ ಗೆದ್ದ. ವೃತ್ತಿಪರ ಶಿಲ್ಪಿ ಮಾಡಿದ್ದು, ನೋಡಲು ಚೆಂದ, ಬೇರೆ ಉಪಯೋಗವಿಲ್ಲ, ಹೋಲಿಕೆ ಬಿಟ್ಟು ಭಾವವನ್ನು ಹಿಡಿಯುವ ಹೊಸ ಪಂಥವೊಂದು ಬೆಳೆದಿದೆ ಎಂದು ನ್ಯಾಯಾಲಯ ಒಪ್ಪಿತು. ‘ಇದ್ದಂಗೇ ಬರೆದರೆ ಚಿತ್ರ’ ಅನ್ನುವ, ನಮ್ಮಲ್ಲಿ ಇನ್ನೂ ಓಡಾಡುವ ಅಳತೆಗೋಲನ್ನು ಕಾನೂನು ಕೈಬಿಟ್ಟು ಈಗ ಹತ್ತಿರ ಹತ್ತಿರ ನೂರು ವರ್ಷ.

ನಮ್ಮ ದೇಶದ ಕಾನೂನು ಇನ್ನೂ ಜಾಣತನ ತೋರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾಕೃತಿಯನ್ನು ವಿವರಿಸುವಾಗ ಚಿತ್ರ, ಶಿಲ್ಪ, ರೇಖಾಚಿತ್ರ, ಛಾಯಾಚಿತ್ರ ಎಂದೆಲ್ಲ ಹೇಳಿ, ಅದರಲ್ಲಿ ಕಲಾತ್ಮಕ ಗುಣ ಇರಲಿ ಬಿಡಲಿ ಎಂದು ಸೇರಿಸುತ್ತದೆ. ಕೃತಿ ಯಾವ ಜಾತಿಯದು ಅಂತ ಹೇಳುತ್ತೇನೆ, ಚೆನ್ನಾಗಿದೆಯೋ ಇಲ್ಲವೋ ನೀವೇ ನೋಡಿಕೊಳ್ಳಿ ಎಂಬಂತೆ.

ಆಟ ಅಂದರೆ ಏನು?

ಒಂದೇ ವ್ಯಾಖ್ಯೆ ಬೇಕೇ ಬೇಕು ಅನ್ನುವ ಹಟವನ್ನೇ ಬಿಡೋಣ ಎಂದವರೂ ಇದ್ದಾರೆ. 1956ರಲ್ಲಿ ಮಾರಿಸ್ ವೈಟ್ಸ್ ಎಂಬ ಅಮೆರಿಕದ ತತ್ತ್ವಜ್ಞಾನಿ ಹೀಗೆ ವಾದಿಸಿದ. ಅವನಿಗೆ ಆಧಾರ ಇನ್ನೊಬ್ಬ ತತ್ತ್ವಜ್ಞಾನಿ ವಿಟ್ಗೆನ್‌ಸ್ಟೈನ್ ಕೊಟ್ಟ ‘ಆಟ’ದ ಉದಾಹರಣೆ. ಕನ್ನಡದಲ್ಲಿ ಅದು ಇನ್ನೂ ಚೆನ್ನಾಗಿ ಕೂರುತ್ತದೆ. ಕಬಡ್ಡಿ ಆಟ, ಚೌಕಾಬಾರ ಆಟ, ಮಗು ಒಬ್ಬೊಬ್ಬನೇ ಮಣ್ಣಿನಲ್ಲಿ ಕೂತದ್ದೂ ಆಟ, ಯಕ್ಷಗಾನವೂ ಆಟ, ಟಾಕೀಸಿನಲ್ಲಿ ಮೊದಲನೇ ಆಟ, ಎರಡನೇ ಆಟ. ಇವೆಲ್ಲಕ್ಕೂ ಸಮನಾಗಿರುವ ಒಂದು ಗುಣ ಹೇಳಿ ನೋಡೋಣ. ಸೋಲು-ಗೆಲುವು? ಮಗುವಿನ ಮಣ್ಣಾಟದಲ್ಲಿ ಇಲ್ಲ. ನಿಯಮ? ಅದೂ ಇಲ್ಲ. ಆದರೂ ಆಟ ಅನ್ನುವ ಪದ ಬಳಸುವಾಗ ನಾವು ತಡವರಿಸುವುದಿಲ್ಲ.

ಮದುವೆ ಮನೆಯ ಗ್ರೂಪ್ ಫೋಟೋ ಹಾಗೆ ಇದು. ಒಬ್ಬನಿಗೆ ದೊಡ್ಡಪ್ಪನ ಮೂಗು, ಇನ್ನೊಬ್ಬಳಿಗೆ ಅತ್ತೆಯ ಗಲ್ಲ, ಮತ್ತೊಬ್ಬನ ನಡಿಗೆ ಥೇಟ್ ತಾತನದು. ಎಲ್ಲರಲ್ಲೂ ಇರುವ ಒಂದೇ ಒಂದು ಗುರುತಿಲ್ಲ, ಆದರೂ ಒಂದೇ ಮನೆಯವರೆಂದು ಗೊತ್ತಾಗುತ್ತದೆ. ಬೇಲೂರಿನ ಮದನಿಕೆ, ಬೇಸಿನ್ನು, ರಂಗೋಲಿ, ಸೋಸುವ ಬಟ್ಟೆ ಇವುಗಳ ನಂಟೂ ಹೀಗೆಯೇ ಇರಬಹುದು. ಹೊಸ ಸೊಸೆ ಬಂದಾಗ ಮನೆತನದ ಮುಖಚಹರೆ ಒಂದಿಷ್ಟು ಬದಲಾಗುವಂತೆ, ಹೊಸ ಕೃತಿ ಬಂದಾಗ ಕಲೆಯ ಅರ್ಥವೂ ಒಂದಿಷ್ಟು ಹಿಗ್ಗುತ್ತದೆ.

ಕೆಟ್ಟ ಕಾಫಿಯೂ ಕಾಫಿಯೇ

ಗ್ರೂಪಿನ ಜಗಳವನ್ನು ಮತ್ತೆ ಓದಿದಾಗ ನನಗೆ ಹೊಳೆದದ್ದು, ಅಲ್ಲಿ ಒಂದು ಪ್ರಶ್ನೆಯ ಮುಸುಕಿನಲ್ಲಿ ಮೂರು ಪ್ರಶ್ನೆಗಳಿದ್ದವು. ಇದು ಯಾವ ಬಗೆಯ ವಸ್ತು? ಇದು ಚೆನ್ನಾಗಿದೆಯೇ? ಇದಕ್ಕೆ ಇಷ್ಟು ಬೆಲೆ, ಇಷ್ಟು ಜಾಗ ತಕ್ಕದ್ದೇ? ನಾವು ‘ಇದು ಕಲೆಯೇ ಅಲ್ಲ’ ಅನ್ನುವಾಗ ಹೆಚ್ಚು ಸಲ ಹೇಳುತ್ತಿರುವುದು ‘ನನಗೆ ಹಿಡಿಸಲಿಲ್ಲ’ ಎಂದು. ಬಸ್‌ಸ್ಟ್ಯಾಂಡಿನಲ್ಲಿ ನೀರು ನೀರಾದ ಕಾಫಿ ಕುಡಿದು ‘ಥೂ, ಇದೂ ಒಂದು ಕಾಫಿಯಾ’ ಅನ್ನುತ್ತೇವಲ್ಲ, ಅದು ಬೈಗುಳ. ಅದು ಟೀ ಎಂದು ಯಾರೂ ಸಾಧಿಸುತ್ತಿಲ್ಲ. ಕಾಫಿ ಕೆಟ್ಟದ್ದಾಗಿದೆ, ಆದರೆ ಕಾಫಿಯೇ. ಹಾಗೆಯೇ ಕೆಟ್ಟ ಕಲೆಯೂ ಇರಲು ಸಾಧ್ಯ. ಇದೆ ಕೂಡ, ಬೇಕಾದಷ್ಟು.

ಕಾಫಿಪುಡಿಗೆ ಒಂದು ಅನುಕೂಲವಿದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕೆಂದು ನಿಯಮವಿದೆ, ತೂಗಿ ನೋಡಬಹುದು. ಕಲೆಗೆ ಅಂಥ ತಕ್ಕಡಿ ಇಲ್ಲ.

ಮೂರನೆಯ ಪ್ರಶ್ನೆ, ಬೆಲೆಯದು, ಮೊದಲೆರಡನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ಇಟಲಿಯ ಮೌರಿಜಿಯೊ ಕ್ಯಾಟೆಲಾನ್ 2019ರಲ್ಲಿ ಅಮೆರಿಕದ ಮಯಾಮಿಯ ಕಲಾಮೇಳದಲ್ಲಿ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿದ್ದು ನೆನಪಿರಬಹುದು. ಆಗಲೇ 1,20,000 ಡಾಲರಿಗೆ ಮಾರಾಟವಾಗಿತ್ತು. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ಕೃತಿ 62 ಲಕ್ಷ ಡಾಲರ್ ಮುಟ್ಟಿತು. ಕೊಂಡವರು ಹಣ್ಣನ್ನು ತಿಂದರು. ಅವರಿಗೆ ನಿಜವಾಗಿ ಸಿಕ್ಕಿದ್ದು ಒಂದು ಪ್ರಮಾಣಪತ್ರ ಮತ್ತು ಹಣ್ಣು ಅಂಟಿಸುವ ಸೂಚನೆಗಳು. ಹಣ್ಣು ಬೇಕಾದಾಗ ಬದಲಾಯಿಸಬಹುದು. ಈ ಅಂಕಿ ಕೇಳಿದಾಗ ಬರುವ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ದುಡ್ಡಿನ ಮೇಲಿನ ಸಿಟ್ಟು. ಅದೇ ಬಾಳೆಹಣ್ಣನ್ನು ಅರಸೀಕೆರೆ ಸಂತೆಯಲ್ಲಿ ಯಾರೋ ಹುಡುಗ ಅಂಟಿಸಿದ್ದರೆ ನಾವು ನಕ್ಕು ಮುಂದೆ ಹೋಗುತ್ತಿದ್ದೆವು, ಇದು ಕಲೆಯಾ ಎಂದು ಜಗಳ ಆಡುತ್ತಿರಲಿಲ್ಲ.

ಹಾಗಾದರೆ ಆ ಇಪ್ಪತ್ತೇಳು ಬಟ್ಟೆ?

ಅಂಕ ಕೊಡುವವರು ಇಂಥದನ್ನು ಹೇಗೆ ನೋಡುತ್ತಾರೆ ಅಂತ ಅಕ್ಕನ ಮಗಳನ್ನೇ ಕೇಳಿದೆ. ಕೈಚಳಕವೊಂದನ್ನೇ ಅಲ್ಲ, ನಡುವೆ ತೆಗೆದುಕೊಂಡ ತೀರ್ಮಾನಗಳನ್ನೂ ಕೇಳುತ್ತಾರಂತೆ. ಯಾಕೆ ಇದು, ಯಾಕೆ ಹೀಗೆ, ಯಾಕೆ ಇಷ್ಟೇ. ಅವಳ ನೋಟ್‌ಬುಕ್ ತೆರೆದು ತೋರಿಸಿದಳು. ಮೊದಲು ಬಟ್ಟೆಗಳಿಗೆ ಗಾಜಿನ ಫ್ರೇಮು ಹಾಕಿಸಬೇಕೆಂದಿದ್ದಳು. ಒಂದಕ್ಕೆ ಹಾಕಿಸಿ ನೋಡಿದಾಗ ಅಂಗಡಿಯ ಸಾಮಾನಿನ ಹಾಗೆ ಕಂಡಿತಂತೆ, ಕೈಬಿಟ್ಟಳು. ಹಳೆಯದರಿಂದ ಹೊಸದಕ್ಕೆ ಜೋಡಿಸಿದಳು, ಪಾಠದಂತಾಯಿತು. ತೆಳುವಿನಿಂದ ಗಾಢಕ್ಕೆ ಜೋಡಿಸಿದಳು, ಸೀರೆ ಅಂಗಡಿಯಂತಾಯಿತು. ಕೊನೆಗೆ ತಾನು ಯಾವ ಮನೆಗೆ ಮೊದಲು ಹೋದಳೋ ಅದೇ ಸಾಲಿನಲ್ಲಿ ಹಾಕಿದಳು. ತೋಟದ ಮಾಲೀಕರ ಮನೆಯ ಬಟ್ಟೆಯ ಪಕ್ಕ ಲೈನ್ ಮನೆಯ ಬಟ್ಟೆ ಬಂದದ್ದು ಹಾಗೆ. ಎರಡೂ ಹೆಚ್ಚುಕಡಿಮೆ ಒಂದೇ ಬಣ್ಣ. ಅವಳು ಚೀಟಿಯಲ್ಲಿ ಅದನ್ನು ಹೇಳಲಿಲ್ಲ, ನೋಡಿದವರಿಗೆ ಬಿಟ್ಟಳು.

ಮೇಲೆ ಹೇಳಿದ ಅಳತೆಗೋಲುಗಳನ್ನು ಒಂದೊಂದಾಗಿ ಹಿಡಿದರೆ: ಇದ್ದ ಹಾಗೆ ಬಿಡಿಸಿದ ಚಿತ್ರವಲ್ಲ, ಅಲ್ಲಿ ಸೋತಿತು. ಕೈಕೆಲಸ ಹೊಲಿದ ನಂಬರಿನಷ್ಟೇ, ಅಲ್ಲೂ ಅಂಕ ಕಡಿಮೆ. ಆಯ್ಕೆ ಇದೆ, ಡ್ಯುಶಾಂ ಒಪ್ಪುತ್ತಾನೆ. ಕಾಲೇಜಿನ ಹಾಲೆಂಬ ಮಣೆ ಇದೆ, ಡಿಕಿ ಒಪ್ಪುತ್ತಾನೆ. ಟಾಲ್‌ಸ್ಟಾಯ್, ಭರತರ ಪರವಾಗಿ ಆ ಚೀಟಿಯ ಮುಂದೆ ನಿಂತಿದ್ದ ಹೆಂಗಸು ಉತ್ತರ ಹೇಳಬೇಕು. ಇಷ್ಟರ ಮೇಲೆ, ಇದು ಯಾವ ಬಗೆಯ ವಸ್ತು ಅನ್ನುವ ಮೊದಲ ಪ್ರಶ್ನೆಗೆ ‘ಕಲೆ’ ಎಂದು ಬರೆಯಲು ನನಗೆ ಅಳುಕಿಲ್ಲ. ಎರಡನೆಯದಕ್ಕೆ, ಇಪ್ಪತ್ತೇಳು ಸ್ವಲ್ಪ ಹೆಚ್ಚಾಯಿತು, ಹದಿನೈದು ಸಾಕಿತ್ತು ಅಂತ ನನ್ನ ಅನಿಸಿಕೆ. ಹೇಳಿದೆ. “ಹದಿನೈದಾದ್ರೆ ಯಾರ ಮನೇದು ಬಿಡ್ಲಿ ಮಾವ?” ಅಂದಳು.

ಪ್ರದರ್ಶನ ಮುಗಿದ ಮೇಲೆ ಬಟ್ಟೆಗಳನ್ನೆಲ್ಲ ಆಯಾ ಮನೆಗೆ ಹಿಂದಿರುಗಿಸಿದಳು. ಮೂರು ಮನೆಯವರು ಬೇಡ ಇಟ್ಕೋ ಅಂದರು. ಅಜ್ಜಿಯ ಬಟ್ಟೆಯ ಮನೆಯವರು ಮಾತ್ರ ಪ್ರದರ್ಶನದ ಕೊನೆಯ ದಿನವೇ ಬಂದು ಕೈಯಾರೆ ಇಸಿದುಕೊಂಡು ಹೋಗಿದ್ದರು. ನಮ್ಮಕ್ಕನದು ಹದಿನಾಲ್ಕನೆಯದು. ಅದನ್ನು ಕುದಿಯುವ ನೀರಿಗೆ ಹಾಕಿ, ಹಿಂಡಿ, ಒಲೆ ಪಕ್ಕದ ಮೊಳೆಗೆ ಸಿಕ್ಕಿಸಿದ್ದಾಳೆ. ಕಳೆದ ವಾರ ಹೋದಾಗ ಅದರಲ್ಲೇ ಸೋಸಿದ ಕಾಫಿ ಕೊಟ್ಟಳು. ಮೂಲೆಯ ಕೆಂಪು ದಾರದ ನಂಬರನ್ನು ಬಿಚ್ಚಿರಲಿಲ್ಲ.